ಎದುರು ಸಾಲು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಅರ್ಧ ಮಾಳಿಗೆಯ ಮನೆಯೊಂದಿತ್ತಂತೆ, ಅದರ ಅರ್ಧದೊಳಗೆ ಹಿಮ ಬೀಳುತ್ತಿತ್ತಂತೆ, ಇನ್ನರ್ಧದೊಳಗೆ ಒಲೆ ಉರಿಯುತ್ತಿತ್ತಂತೆ – ಹೀಗೆ ಶುರುವಾಗುತ್ತಿತ್ತು ಮೋಲಾಳ ಕಥೆ, ಅಜ್ಜಿಯನ್ನು ಅವರ ಟಿಬೆಟಿನ ಮಾತಿನಲ್ಲಿ ಕರೆಯುವುದು ಹಾಗೆ, ಮೋಲಾ – ಈಗ ಸಾಗರದಿಂದ ಹೊರಟ ಈ ಬಸ್ಸಿನ ಕಿಟಕಿಯೂ ಅರ್ಧಕ್ಕೇ ಸಿಕ್ಕಿಕೊಂಡಿದೆ, ಮೇಲೂ ಹೋಗದು ಕೆಳಗೂ ಬಾರದು, ಯಾಂಗ್‌ಚೆನ್‌ಳ ಒಂದು ಕೆನ್ನೆಗೆ ಡಿಸೆಂಬರಿನ ಗಾಳಿ, ಇನ್ನೊಂದು ಕೆನ್ನೆಯ ಕಡೆ ಪಕ್ಕದ ಹೆಂಗಸಿನ ಬುಟ್ಟಿಯ ಸೇವಂತಿಗೆಯ ವಾಸನೆ, ತಾನೇ ಆ ಕಥೆಯ ಮನೆಯಾದಂತೆ, ಒಂದು ಬದಿಗೆ ಹಿಮ ಒಂದು ಬದಿಗೆ ಒಲೆ, ಎಲ್ಲಿಗಮ್ಮಾ, ವೇರ್ ಗೋಯಿಂಗ್, ಎಂದು ಕಂಡಕ್ಟರ್ ಅವಳ ಮುಖ ನೋಡಿ ಇಂಗ್ಲಿಷಿಗೆ ಜಾರಿದ, ಹೊಸನಗರ ಒಂದು, ಅಲ್ಲಿಂದ ತೀರ್ಥಹಳ್ಳಿ ಬಸ್ ಸಿಗ್ತದಲ್ಲ, ಎಂದಳು ಇವಳು, ಓಹೋ ಕನ್ನಡ ಬತ್ತದೆ, ಬತ್ತದೆ ಮಾರಾಯ್ರೇ, ಚಿಲ್ರೆ ಬತ್ತದಾ ನೋಡಿ, ಹಿಂದಿನ ಸೀಟಿನವರು ನಕ್ಕರು, ಸೇವಂತಿಗೆಯ ಹೆಂಗಸೂ ನಕ್ಕು, ನಮ್ ಬಸ್‌ಸ್ಟ್ಯಾಂಡಿನ ಸ್ವೆಟರ್ ಹುಡುಗಿ ಅಲ್ದಾ ನೀನು, ನಮ್ಮನೆಯವರಿಗೆ ತಗಂಡ ಸ್ವೆಟರು ಒಂದೇ ಒಗೆತಕ್ಕೆ ಮೊಮ್ಮಗನಿಗಾತು, ಎಂದಳು, ಅದಕ್ಕೂ ನಗಬೇಕು, ನಕ್ಕಳು. ಮಡಿಲಲ್ಲಿ ಕಾಗದದ ಪೊಟ್ಟಣ, ಅದರೊಳಗೆ ಬೂದಿ ಬಣ್ಣದ ಉಣ್ಣೆಯ ಕಾಲುಚೀಲ ಒಂದು ಜೊತೆ, ತೀರ್ಥಹಳ್ಳಿಯ ಕನ್ನಮ್ಮಜ್ಜಿಗೆ, ಬೇರೆ ಬಣ್ಣ ಸಿಗಲಿಲ್ಲವೇ, ಅಂಗಡಿಯಲ್ಲಿ ಕೆಂಪಿತ್ತು ನೀಲಿಯಿತ್ತು, ಕೈ ಯಾಕೆ ಬೂದಿ ಬಣ್ಣಕ್ಕೇ ಹೋಯಿತು – ಮತ್ತೆ ಕಣ್ಣ ಮುಂದೆ ಆ ಎರಡು ಪಾದ, ಗಾಲಿಕುರ್ಚಿಯ ಕಾಲಿಡುವ ಪುಟ್ಟ ತಗಡಿನ ಮೇಲೆ ಒಂದರ ಪಕ್ಕ ಒಂದು, ಬೂದಿ ಬಣ್ಣದ ಕಾಲುಚೀಲ ತೊಟ್ಟ ಪಾದ, ಎಷ್ಟು ತಿಂಗಳಾಯಿತು, ಯಾಕೆ ಮುಖ ನೆನಪಾಗದೆ ಪಾದವೇ ನೆನಪಾಗುತ್ತದೆ.

ನಿನ್ನೆ ಬಂದ ಸುದ್ದಿ. ಗಿರಾಕಿಯೊಬ್ಬ ಸ್ವೆಟರಿನ ತೋಳು ಎಳೆದೆಳೆದು ನೋಡುತ್ತಿದ್ದ, ಇದು ಉಣ್ಣೆನಾ ಪ್ಲಾಸ್ಟಿಕ್ಕಾ ಅಂತ, ಮೊಬೈಲು ಒಮ್ಮೆ ನಡುಗಿ ಸುಮ್ಮನಾಯಿತು, ಸ್ವಿಟ್ಜರ್‌ಲ್ಯಾಂಡಿನ ವೃದ್ಧಾಶ್ರಮದ ನರ್ಸ್ ಬರೆದಿದ್ದಳು, ನಿಮ್ಮ ಚಿಕ್ಕಜ್ಜಿ ದೆಕಿ ನಿದ್ದೆಯಲ್ಲೇ ಹೋದರು, ಕಷ್ಟಪಡಲಿಲ್ಲ, ಅಷ್ಟೇ, ಉಣ್ಣೆ ಸಾರ್, ಪೂರ್ತಿ ಉಣ್ಣೆ, ಎಂದು ಯಾಂಗ್‌ಚೆನ್ ಹೇಳಿದಳು, ಆಮೇಲೆ ಟಾರ್ಪಾಲಿನ ಹಿಂದೆ ಹೋಗಿ ಮೂಟೆಗಳ ಮೇಲೆ ಕೂತಳು. ಆಖು ಬಂದು ನಿಂತ, ಆಖು ಎಂದರೆ ಚಿಕ್ಕಪ್ಪ, ಕೊಳಲು ಊದುವವನು, ಅವರ ಹಾಡಿನ ತಂಡಕ್ಕೆ ಹಿರಿಯ, ಸುದ್ದಿ ಕೇಳಿ ತುಪ್ಪದ ದೀಪ ಹಚ್ಚಿದ, ಗಾಳಿಗೆ ಆರಿದ್ದನ್ನು ಮತ್ತೆ ಹಚ್ಚಿದ, ಕೇಳಿದ, ತೀರ್ಥಹಳ್ಳಿಯ ಮುದುಕಿಗೆ ಮಾತು ಕೊಟ್ಟಿದ್ದೆಯಲ್ಲ, ಇನ್ನಾದರೂ ಹೋಗುತ್ತೀಯಾ, ಹೋಗಿ ಚಿಕ್ಕಜ್ಜಿ ಹಾಡಿದಳು ಅಂತ ಹೇಳಿಬಿಡು, ವಯಸ್ಸಾದವರಿಗೆ ಇನ್ನೇನು ಬೇಕು, ಸುಳ್ಳೆಂದು ಹಿಡಿಯುವವರಾದರೂ ಯಾರು. ಹೌದು, ಯಾರು. ಆ ಹಾಡಿನ ಎದುರು ಸಾಲು ಈಗ ಭೂಮಿಯ ಮೇಲೆ ಯಾರ ಬಾಯಲ್ಲೂ ಇಲ್ಲ, ಇಂಥ ಮಾತನ್ನು ಯಾರಿಗೆ ಹೇಳುವುದು, ಸೇವಂತಿಗೆಯವಳಿಗೇ, ಬಟ್ಟೆಮಲ್ಲಪ್ಪದಲ್ಲಿ ಇಳಿಯಲು ಸೆರಗು ಸುತ್ತಿಕೊಳ್ಳುತ್ತಿದ್ದಾಳೆ, ಬತ್ತೀನಿ ಮಗಾ ಎಂದಳು, ಇಳಿದಳು, ಒಲೆಯ ಬದಿಯೂ ತಣ್ಣಗಾಯಿತು.

ಆ ಮನೆಯ ಮಾಳಿಗೆ ಯಾಕೆ ಅರ್ಧ ಮೋಲಾ, ಪ್ರತಿ ಸಲವೂ ಅವಳು ಕೇಳಬೇಕು, ಗೊತ್ತಿದ್ದೂ ಕೇಳಬೇಕು, ಮುಂಡಗೋಡಿನ ಕ್ಯಾಂಪಿನ ತಗಡಿನ ಸೂರಿನಡಿ, ಮೋಲಾಳ ತೊಡೆಯ ಮೇಲೆ ತಲೆ, ಮುಸುಕಿನ ಜೋಳದ ತೆನೆ ಬಿಡಿಸುವ ಸದ್ದು, ಯಾಕೆಂದರೆ ಮಗೂ, ಕೂಗುವವಳಿದ್ದಳು, ಓಗೊಡುವವಳನ್ನು ಹಿಮದ ಭೂತ ಕದ್ದೊಯ್ದಿತ್ತು. ಅವರ ಊರಿನಲ್ಲಿ ಮಾಳಿಗೆಯ ಮಣ್ಣನ್ನು ಹಾಗೇ ಬಡಿಯುತ್ತಿದ್ದರು, ಹೆಂಗಸರು ಎರಡು ಸಾಲಾಗಿ ಎದುರುಬದುರು ನಿಂತು, ತುದಿಗೆ ಚಪ್ಪಟೆ ಕಲ್ಲು ಕಟ್ಟಿದ ಕೋಲು ಹಿಡಿದು, ಒಂದು ಸಾಲು ಹಾಡುತ್ತಾ ಮುಂದೆ ಬರಬೇಕು, ಎದುರು ಸಾಲು ಉತ್ತರ ಹಾಡುತ್ತಾ ಬಡಿಯಬೇಕು, ಹಿಮ್ಮಡಿ ಊರಿ, ಕೋಲು ಊರಿ, ಮಾಳಿಗೆ ಕಲ್ಲಾಗುವ ತನಕ. ಮೋಲಾ ಈ ಸಾಲಿನಲ್ಲಿ, ತಂಗಿ ದೆಕಿ ಆ ಸಾಲಿನಲ್ಲಿ. ಒಂದು ಕಟ್ಟಳೆ, ನಿನ್ನ ಸಾಲಿನದು ಮಾತ್ರ ನಿನ್ನದು, ಎದುರು ಸಾಲಿನ ಮಾತನ್ನು ನೀನು ಹಾಡಿದೆಯೋ ಮಾಳಿಗೆ ಬಿರುಕು ಬಿಡುತ್ತದೆ, ಸೂರಿನಡಿ ಮಲಗಿದವರ ಆಯುಸ್ಸು ಸೋರುತ್ತದೆ. ಆಮೇಲೆ ಮಾಳಿಗೆಯೂ ಹೋಯಿತು ಊರೂ ಹೋಯಿತು, ಹಿಮದ ಕಣಿವೆ ದಾಟಿ ಬಂದ ಇಬ್ಬರಲ್ಲಿ ಅಕ್ಕ ರಸ್ತೆಗೆ ಕಲ್ಲು ಒಡೆಯುತ್ತಾ ಒಡೆಯುತ್ತಾ ಕರ್ನಾಟಕಕ್ಕೆ ಬಂದಳು, ತಂಗಿಯನ್ನು ಸ್ವಿಟ್ಜರ್‌ಲ್ಯಾಂಡಿಗೆ ಹೊರಟ ಗುಂಪಿನ ಜೊತೆ ಕಳಿಸಿದರು, ಒಂದು ಚಳಿಗಾಲದ ಮಟ್ಟಿಗೆ ಎಂದು ಹೇಳಿ ಕಳಿಸಿದರು. ಮೋಲಾ ಸಾಯುವ ತನಕ ಆ ಹಾಡನ್ನು ಅರ್ಧವೇ ಹಾಡಿದಳು, ತನ್ನ ಸಾಲು ಹಾಡುವುದು, ಆಮೇಲೆ ಎದುರು ಸಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಯಿ ಮುಚ್ಚಿ ಹಿಮ್ಮಡಿ ಬಡಿಯುತ್ತಾ ನಿಲ್ಲುವುದು, ಆಮೇಲೆ ಮುಂದಿನ ಸಾಲು, ಯಾಂಗ್‌ಚೆನ್ ಹಾಡು ಕಲಿತದ್ದೇ ಹಾಗೆ, ಮೌನದ ಸಮೇತ. ಆ ಮೌನದಲ್ಲಿ ಏನಿದೆ ಮೋಲಾ, ನಿನಗೆ ಬರುತ್ತದಲ್ಲ, ಬರುತ್ತದೆ ಮಗೂ, ಹಾಡಲ್ಲ, ದೆಕಿ ಬದುಕಿದ್ದಾಳೆ, ಅವಳ ಸೂರು ಬಿರುಕು ಬಿಟ್ಟರೆ. ಕೊನೆಯ ದಿನಗಳಲ್ಲಿ ಕೈ ಹಿಡಿದು ಹೇಳಿದ್ದಳು, ದೆಕಿಗೆ ಕಿವಿ ಹೋಗಿದೆಯಂತೆ, ಫೋನು ಕೊಟ್ಟರೆ ತಲೆಕೆಳಗಾಗಿ ಹಿಡಿಯುತ್ತಾಳಂತೆ, ಹೋಗಲಿ ಕಿವಿ, ಆ ಹಾಡು ಕಿವಿಯಿಂದ ಬಂದದ್ದಲ್ಲ, ಹಿಮ್ಮಡಿಯಿಂದ ಏರಿದ್ದು, ನೀನು ಅವಳ ಎದುರು ನಿಂತು ನೆಲ ಬಡಿ, ಉತ್ತರ ಅವಳ ಕಾಲಿಂದ ಬಾಯಿಗೆ ಬರುತ್ತದೆ. ಹೂಂ ಮೋಲಾ. ಎಷ್ಟು ಸುಲಭವಾಗಿ ಹೂಂ ಎಂದಿದ್ದಳು.

ಹೊಸನಗರ, ಹೊಸನಗರ, ಇಳೀರಿ ಬೇಗ. ಈ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆಯೇ ಹೋದ ಚಳಿಗಾಲದಲ್ಲಿ ಆಖು ತಲೆ ಮೇಲೆ ಕೈ ಹೊತ್ತು ಕೂತದ್ದು. ಸ್ವಿಟ್ಜರ್‌ಲ್ಯಾಂಡಿನ ಜಾನಪದ ಉತ್ಸವದವರು ಅವರ ತಂಡವನ್ನು ಕರೆದಿದ್ದರು, ಊಟ ವಸತಿ ನಮ್ಮದು ದಾರಿ ನಿಮ್ಮದು ಎಂದು, ನಾಲ್ಕು ಜನ, ಸ್ವೆಟರ್ ಮಾರುವ ನಾಲ್ಕು ಜನರಿಗೆ ವಿಮಾನದ ದಾರಿ ಎಲ್ಲಿಂದ ಬರಬೇಕು, ವ್ಯಾಪಾರದ ನಡುವೆ ಸಂಘ ಸಂಘ ಅಲೆದರು, ಸಾಗರದ ಒಬ್ಬರು ನಿಮ್ಮ ಡ್ರೆಸ್ಸಿನಲ್ಲೇ ಸಿನಿಮಾ ಹಾಡಿಗೆ ಕುಣೀತೀರಾ, ಜನಕ್ಕೆ ಖುಷಿಯಾಗ್ತದೆ, ಎಂದರು, ಹೊಸನಗರದ ಒಂದು ಸಭೆಯಲ್ಲಿ ಎರಡು ಹಾಡು ಹಾಡಿಸಿ ಹಾರ ಹಾಕಿ ಶಾಲು ಹೊದಿಸಿದರು, ಆಖು ಹೊದ್ದ ಶಾಲಿನ ಅಂಚು ತಿರುವಿ ನೋಡಿದ, ನಮ್ಮದೇ ಅಂಗಡಿಯದು, ಎಂದು ಕಿವಿಯಲ್ಲಿ ಪಿಸುಗುಟ್ಟಿದ, ಮೊನ್ನೆ ನಾನೇ ಚೌಕಾಶಿ ಮಾಡಿ ಮಾರಿದ್ದು – ವೇದಿಕೆಯ ಮೇಲೆ ನಗು ತಡೆಯಲು ಅವಳು ತುಟಿ ಕಚ್ಚಿದ್ದಳು. ಸಭೆ ಮುಗಿದ ಮೇಲೆ ಮೈಕಿನ ವಯರು ಸುತ್ತುತ್ತಿದ್ದವರು ಹತ್ತಿರ ಬಂದರು, ಗೋಪಾಲಪ್ಪ, ತೀರ್ಥಹಳ್ಳಿಯಲ್ಲಿ ಶಾಮಿಯಾನ ಮೈಕ್‌ಸೆಟ್ ಬಾಡಿಗೆಗೆ ಕೊಡುವವರು, ಇಪ್ಪತ್ತು ವರ್ಷದಿಂದ ಎಲ್ಲರ ಹಾಡೂ ನನ್ನ ಪೆಟ್ಟಿಗೆಯಿಂದಲೇ ಹೊರಗೆ ಬಂದದ್ದು, ನಿಮ್ಮ ಹಂಗೆ ಯಾರೂ ಹಾಡಿಲ್ಲ, ನಮ್ದೊಂದು ಕಲಾ ಸಂಘ ಉಂಟು, ದಾರಿ ಖರ್ಚು ಪೂರಾ ಸಂಘದ್ದು, ಹೋಗ್ಬನ್ನಿ, ಎಂದರು, ಹಾಗೆಯೇ ಅಂದುಬಿಟ್ಟರು, ಬೀಡಾ ಬೇಕಾ ಅಂದಷ್ಟು ಸಲೀಸಾಗಿ. ಆಖು ಎರಡೂ ಕೈ ಮುಂದೆ ಮಾಡಿ, ಬೇಡ ಬೇಡ, ನಿಮಗ್ಯಾಕೆ ತೊಂದರೆ, ಎಂದ. ಟಿಬೆಟಿನವರಲ್ಲಿ ಹಾಗೆ, ಚಹಾ ಕೊಟ್ಟರೂ ಮೊದಲ ಸಲ ಬೇಡ, ಎರಡನೇ ಸಲ ಬೇಡ, ಮೂರನೇ ಸಲಕ್ಕೆ ತಲೆ ತಗ್ಗಿಸಿ ತೆಗೆದುಕೊಳ್ಳಬೇಕು, ಮೊದಲ ಸಲಕ್ಕೇ ಹೂಂ ಎಂದವನು ಆಸೆಬುರುಕ. ಗೋಪಾಲಪ್ಪ ಕೇಳಿದ್ದು ಒಂದೇ ಸಲ. ಹಂಗಾ, ಬೇರೆ ವ್ಯವಸ್ಥೆ ಆಗಿರ್ಬೇಕು, ಒಳ್ಳೇದಾತು ಬಿಡಿ, ಎಂದವರೇ ಸ್ಪೀಕರನ್ನು ವ್ಯಾನಿಗೇರಿಸಿ ಹೊರಟೇಬಿಟ್ಟರು, ಆಖುವಿನ ಕೈ ಇನ್ನೂ ಮುಂದೆಯೇ ಇತ್ತು, ವ್ಯಾನಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ಎರಡನೇ ಸಲ ಕೇಳುತ್ತಾರೆಂದು ಕಾಯುತ್ತಾ ಇತ್ತು.

ಕೋಣಂದೂರು ಮೇಲೆ ತೀರ್ಥಹಳ್ಳಿ, ಈ ಬಸ್ಸಿನಲ್ಲಿ ಕಿಟಕಿ ಪೂರ್ತಿ ಮುಚ್ಚುತ್ತದೆ, ಗಾಜಿನಲ್ಲಿ ತನ್ನದೇ ಮುಖ, ಅದರ ಹಿಂದೆ ಓಡುವ ಮರಗಳು, ಆ ಸಭೆಯಾದ ಮೇಲೂ ಹೀಗೇ ಒಬ್ಬಳೇ ಬಂದದ್ದು, ಬೇಕು ಎಂಬ ಒಂದು ಮಾತು ಹೇಳಲು ಬಂದದ್ದು, ದಾರಿಯುದ್ದಕ್ಕೂ ಬೇಕು ಬೇಕು ಎಂದು ಬಾಯಿಪಾಠ ಮಾಡಿದ್ದಳು, ಮೈಯೆಲ್ಲಾ ನಾಚಿಕೆ. ಗೋಪಾಲಪ್ಪನವರ ಮನೆಯ ಜಗಲಿಯಲ್ಲಿ ಮಡಚಿಟ್ಟ ಶಾಮಿಯಾನದ ಗುಡ್ಡೆ, ತುತ್ತೂರಿಯಾಕಾರದ ಹಳೇ ಸ್ಪೀಕರಿನೊಳಗೆ ಬೆಕ್ಕು ಮರಿ ಹಾಕಿದೆ, ಸರ್ ಬೇಕು, ಎಂದಳು ನಿಂತಲ್ಲೇ, ಎಂತ ಬೇಕು ಕುರ್ಚಿನಾ, ಅಲ್ಲ ಸರ್ ಆವತ್ತು ಬೇಡ ಅಂದಿದ್ವಲ್ಲ, ಅದು ಬೇಕು, ನಮ್ಮಲ್ಲಿ ಹಂಗೆ, ಮೊದಲು ಬೇಡ ಅನ್ನಬೇಕು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅಯ್ಯೋ ಮಾರಾಯ್ತಿ, ಬೇಡ ಅನ್ನೋದು ನಮ್ಮಲ್ಲೂ ಉಂಟು, ಆದ್ರೆ ಊಟಕ್ಕೆ ಮಾತ್ರ, ದುಡ್ಡಿಗೆ ಬೇಡ ಅಂದವ್ರನ್ನ ನಾನು ಈ ತಾಲೂಕಲ್ಲೇ ಕಾಣೆ, ಎಂತ ಹಾಡು ಹಾಡ್ತೀರಿ ಅಲ್ಲಿ, ಒಂದು ತೋರ್ಸು. ಚಪ್ಪಲಿ ಬಿಟ್ಟು ಕೆಂಪು ಗಾರೆಯ ನೆಲದ ಮೇಲೆ ನಿಂತಳು, ಮೊದಲ ಸಾಲು, ಮೌನ, ಹಿಮ್ಮಡಿ, ಎರಡನೇ ಸಾಲು, ಮೌನ, ಹಿಮ್ಮಡಿ – ಯಾರದು ನೆಲ ಬಡೀತಿರದು, ಎನ್ನುತ್ತಾ ಒಳಗಿಂದ ಗೋಡೆ ಹಿಡಿದುಕೊಂಡು ಬಂದರು ಅವರ ತಾಯಿ ಕನ್ನಮ್ಮ, ಅಜ್ಜಿಗೆ ಕಿವಿ ಪೂರಾ ಮಂದ, ಕಿವಿಗೆ ಬಾಯಿಟ್ಟು ಕೂಗಬೇಕು, ಅಡುಗೆಮನೇಲಿ ಕೂತಿದ್ದೆ ಕಣೋ ಗೋಪಾಲಾ, ಅಂಗಾಲಿಗೆ ಬಂತು, ನಾವು ಸಣ್ಣೋರಿದ್ದಾಗ ಸುಗ್ಗಿಗೆ ಅಂಗಳ ಬಡೀತಿದ್ವಲ್ಲ ಹಲಗೆ ಹಿಡ್ಕಂಡು, ಥೇಟು ಹಂಗೇ ಬಂತು. ಗೋಪಾಲಪ್ಪ ಎಲ್ಲವನ್ನೂ ಅಜ್ಜಿಯ ಕಿವಿಗೆ ಕೂಗಿದರು, ಅಕ್ಕ ತಂಗಿ, ಎರಡು ಸಾಲು, ಸ್ವಿಟ್ಜರ್‌ಲ್ಯಾಂಡು, ಬೀದಿಗೆಲ್ಲಾ ಕೇಳಿರಬೇಕು, ಅಜ್ಜಿ ಅವಳ ಗಲ್ಲ ಹಿಡಿದು, ಯಂಚಮ್ಮಾ, ಹೋಗಿ ಬಂದ ಕೂಡ್ಲೆ ನನಗೆ ಬಂದು ಹೇಳ್ಬೇಕು ನೋಡು, ನಿನ್ನ ಚಿಕ್ಕಜ್ಜಿ ಎದುರು ಹಾಡಿದ್ಲಾ ಇಲ್ವಾ ಅಂತ, ಫೋನಲ್ಲಿ ಅಲ್ಲ, ಬಂದು. ಹೂಂ ಅಜ್ಜಿ. ಮತ್ತೊಂದು ಹೂಂ. ಮಳೆಗಾಲ ಮುಗಿಯುವಾಗ ಹೋಗಿ ಬಂದಾಗಿದೆ, ದೀಪಾವಳಿ ಕಳೆದಿದೆ, ಗೋಪಾಲಪ್ಪ ಎರಡು ಸಲ ಫೋನು ಮಾಡಿದ್ದಾರೆ, ಅವ್ವ ಬಾಗ್ಲು ನೋಡ್ತಾಳೆ ಮಾರಾಯ್ತಿ, ಬತ್ತೀನಿ ಸರ್, ವ್ಯಾಪಾರ ಜೋರು ಸರ್.

ಜೋರು, ಎಲ್ಲವೂ ಜೋರಾಗಿಯೇ ಇತ್ತು ಸ್ವಿಟ್ಜರ್‌ಲ್ಯಾಂಡಿನಲ್ಲಿ, ಬೆಳಕು ಜೋರು ಚಪ್ಪಾಳೆ ಜೋರು, ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಬದಲು ಇದ್ದ ಅವರ ನಿರಾಶ್ರಿತರ ಹಳದಿ ಪುಸ್ತಕವನ್ನು ತಿರುವಿ ತಿರುವಿ ನೋಡಿದವನ ಉಸಿರು ಜೋರು, ವೇದಿಕೆಯ ಮೇಲೆ ಮೋಲಾಳ ಹಾಡು ಹಾಡಿದಾಗ ಮೊದಲ ಸಾಲಿನ ನಂತರ ಮೌನ ಬಂತು, ಜನ ಹಾಡು ಮುಗಿಯಿತು ಎಂದುಕೊಂಡು ಚಪ್ಪಾಳೆ ತಟ್ಟಿದರು, ಎರಡನೇ ಸಾಲಿಗೂ ತಟ್ಟಿದರು, ಪ್ರತಿ ಮೌನದೊಳಗೂ ತಟ್ಟಿದರು, ಎಷ್ಟು ಒಳ್ಳೆಯ ಜನ, ಎದುರು ಸಾಲು ನಿಲ್ಲಬೇಕಾದ ಜಾಗವನ್ನೆಲ್ಲಾ ಚಪ್ಪಾಳೆಯಿಂದ ತುಂಬಿಬಿಟ್ಟರು. ಮರುದಿನ ರೈಲು, ಆಖು ಮತ್ತು ಅವಳು, ವೃದ್ಧಾಶ್ರಮದ ಮೂರನೇ ಮಹಡಿ, ಉದ್ದದ ಓಣಿ, ಸೋಪಿನ ವಾಸನೆ, ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಮೋಲಾಳದೇ ಹಣೆ ಮೋಲಾಳದೇ ಗದ್ದ, ಆದರೆ ಕಣ್ಣು ಎತ್ತಲೋ, ಆಖು ಖಾತಾ, ಗೌರವಕ್ಕೆ ಹಾಕುವ ಬಿಳಿ ರೇಷ್ಮೆಯ ವಸ್ತ್ರ, ಕೊರಳಿಗೆ ಹಾಕಿದ, ಅದರ ಅಂಚನ್ನು ಆಕೆ ಬಾಯಿ ಒರೆಸಿಕೊಳ್ಳಲು ಬಳಸಿದಳು. ಪಾದ ಬರಿದಾಗಿತ್ತು, ತಣ್ಣಗಿತ್ತು, ಯಾಂಗ್‌ಚೆನ್ ತಾನೇ ಸಾಗರದಿಂದ ಒಯ್ದ ಕಾಲುಚೀಲ ತೆಗೆದು ಮೊಣಕಾಲೂರಿ ಕೂತು ಒಂದೊಂದೇ ಪಾದ ಎತ್ತಿ ತೊಡಿಸಿದಳು, ಮೋಲಾಳ ಹಿಮ್ಮಡಿಯಂತೆಯೇ ಒಡೆದ ಹಿಮ್ಮಡಿ, ಅಷ್ಟು ವರ್ಷ ಮೆತ್ತನೆಯ ನೆಲದ ಮೇಲೆ ಬದುಕಿಯೂ ಕೂಡಿಕೊಳ್ಳದ ಬಿರುಕು, ತೊಡಿಸಿ ಜೋಪಾನವಾಗಿ ಕುರ್ಚಿಯ ತಗಡಿನ ಮೇಲೆ ಜೋಡಿಸಿಟ್ಟಳು, ಎದ್ದು ನಿಂತು ಹಾಡಿದಳು, ಬಡಿದಳು. ಮುಖವನ್ನೇ ನೋಡುತ್ತಿದ್ದಳು, ತುಟಿಯನ್ನೇ, ಈಗ ಅಲುಗುತ್ತದೆ ಈಗ ಅಲುಗುತ್ತದೆ, ಮತ್ತೆ ಮೊದಲಿಂದ, ಇನ್ನೂ ಜೋರಾಗಿ, ಹಿಮ್ಮಡಿ ಉರಿಯುವಷ್ಟು, ಮೇಜಿನ ಮೇಲಿನ ಲೋಟದ ನೀರು ಕೂಡ ನಡುಗಿತು, ಕೆಳಗಿನ ಮಹಡಿಯವರು ಏನು ಸದ್ದೆಂದು ಕೇಳಿದರೆಂದು ನರ್ಸ್ ಬಂದಳು, ಪ್ಲೀಸ್, ಎಂದಳು, ನಗುತ್ತಲೇ ಹೇಳಿದಳು, ಇನ್ನೊಂದೇ ಸಲ ಎಂದು ಬೇಡಿದಳು ಇವಳು, ಇನ್ನೊಂದು ಸಲವೂ ಆಯಿತು. ಚಿಕ್ಕಜ್ಜಿ ಕಿಟಕಿಯಾಚೆ ನೋಡುತ್ತಿದ್ದಳು. ಲಿಫ್ಟಿನ ಬಾಗಿಲು ಮುಚ್ಚುವಾಗ ತಿರುಗಿ ನೋಡಿದರೆ ಓಣಿಯ ತುದಿಯಲ್ಲಿ ಮುಖ ಕಾಣಲಿಲ್ಲ, ಕಂಡದ್ದು ಬೂದಿ ಬಣ್ಣದ ಆ ಎರಡು ಕಾಲುಚೀಲ ಮಾತ್ರ. ಮರೆತಿದ್ದಾಳೆ, ಎಂದ ಆಖು, ಅರವತ್ತು ವರ್ಷ ಕಡಿಮೆಯೇ. ಮೋಲಾ ಮರೆಯಲಿಲ್ಲವಲ್ಲ ಆಖು. ಮೋಲಾಳಿಗೆ ನೀನಿದ್ದೆ, ಎಂದ ಅವನು, ಇಲ್ಲಿ ಯಾರಿದ್ದರು.

ತೀರ್ಥಹಳ್ಳಿ. ಸೇತುವೆಯ ಕೆಳಗೆ ತುಂಗೆ, ಬಂಡೆಗಳೆಲ್ಲಾ ಹೊರಬಂದಿವೆ, ಅವುಗಳ ನಡುವೆ ನೀರು ಸದ್ದಿಲ್ಲದೆ ಹೋಗುತ್ತಿದೆ, ಅಥವಾ ಸದ್ದಿದೆ, ಬಸ್ಸಿನೊಳಗೆ ಕೇಳುವುದಿಲ್ಲ. ಹಾಡಿದಳು ಎಂದುಬಿಟ್ಟರೆ ಏನು, ಮೋಲಾಳ ಕಥೆಯೂ ಹಾಗೇ ತಾನೇ ಮುಗಿಯುತ್ತಿದ್ದದ್ದು, ಒಂದು ದಿನ ಹಿಮದೊಳಗಿಂದ ಓ ಎಂಬ ಉತ್ತರ ಬಂತಂತೆ, ಅರ್ಧ ಮಾಳಿಗೆ ಇಡಿಯಾಯಿತಂತೆ, ಅವರು ಅಲ್ಲಿ ಬೆಚ್ಚಗೆ, ನಾವು ಇಲ್ಲಿ ಬೆಚ್ಚಗೆ, ಕನ್ನಮ್ಮಜ್ಜಿಗೂ ಅದೇ ಬೇಕು, ಅದಕ್ಕೆ ಬಾಯಿ ಬಿಡುವುದೂ ಬೇಡ, ಹಾಡಿದ್ಲಾ ಎಂದಾಗ ತಲೆ ಆಡಿಸಿದರೆ ಸಾಕು, ಸುಳ್ಳಿಗೆ ಒಂದು ತಲೆಯಾಟ, ನಿಜವನ್ನಾದರೆ ಕಿವಿಗೆ ಬಾಯಿಟ್ಟು ಕೂಗಬೇಕು, ಬೀದಿಗೆಲ್ಲಾ ಕೇಳುವ ಹಾಗೆ. ಜಗಲಿಯಲ್ಲಿ ಬೆಕ್ಕಿನ ಮರಿಗಳು ದೊಡ್ಡದಾಗಿವೆ, ಗೋಪಾಲಪ್ಪ ಯಾವುದೋ ಮದುವೆಗೆ ಶಾಮಿಯಾನ ಹಾಕಲು ಹೋಗಿದ್ದಾರೆ, ಅಜ್ಜಿಯ ಸೊಸೆ ಮಹಾಲಕ್ಷ್ಮೀ ಬಾಗಿಲು ತೆಗೆದು, ಅಂತೂ ಬಂದ್ಯಲ್ಲ ಮಾರಾಯ್ತಿ, ಕಾಫಿ ಕುಡಿತೀಯಲ್ಲ ಅಥವಾ ಮೂರು ಸಲ ಕೇಳ್ಬೇಕಾ, ಎಂದು ನಕ್ಕು ಒಳಗೆ ಹೋದಳು. ಅಜ್ಜಿ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು, ಕೈ ಚಾಚಿದರು, ಪೊಟ್ಟಣ ಬಿಚ್ಚಿದರು, ಈ ಪ್ರಾಯದಲ್ಲಿ ನನಗೆ ಕಾಲುಚೀಲ, ಹಾಕು ಹಾಕು, ಅವಳು ತೊಡಿಸಿದಳು, ಬೂದಿ ಬಣ್ಣ, ಎರಡು ಪಾದ, ಅಜ್ಜಿ ಕೇಳಿಯೇಬಿಟ್ಟರು, ಹಾಡಿದ್ಲಾ ಯಂಚಮ್ಮಾ.

ತಲೆ ಆಡಿಸಲು ಕತ್ತು ಬಾಗಿಯೂ ಬಾಗಿತ್ತು, ಅಲ್ಲಿಗೇ ನಿಂತಿತು, ಅಜ್ಜಿಯ ಕಣ್ಣು ಅವಳ ತುಟಿಯ ಮೇಲಿತ್ತು, ತಾನು ಅಲ್ಲಿ ಚಿಕ್ಕಜ್ಜಿಯ ತುಟಿಯನ್ನು ನೋಡಿದ ಹಾಗೆಯೇ, ಈಗ ಅಲುಗುತ್ತದೆ ಎಂಬ ಹಾಗೆ. ಬಗ್ಗಿ ಕಿವಿಗೆ ಬಾಯಿಟ್ಟು ಕೂಗಿದಳು, ಇಲ್ಲ ಅಜ್ಜೀ, ಹಾಡ್ಲಿಲ್ಲ, ಮೊನ್ನೆ ತೀರ್ಕಂಡ್ಲು. ಜಗಲಿಯ ಬೆಕ್ಕು ಎದ್ದು ಕೂತಿತು. ಅಜ್ಜಿ ಅವಳ ಮುಂಗೈ ಹಿಡಿದುಕೊಂಡರು, ಆಮೇಲೆ ಗದರಿದರು, ನೀನು ಸಮಾ ಬಡಿದಿಲ್ಲ, ನನಗೆ ಅಡುಗೆಮನೆ ತನಕ ಬಂದದ್ದು ಅವಳಿಗ್ಯಾಕೆ ಬರ್ಲಿಲ್ಲ, ಹೆಂಗೆ ಬಡಿದೆ ತೋರ್ಸು. ಅವಳು ಎದ್ದಳು, ಕೆಂಪು ನೆಲ, ಮೊದಲ ಸಾಲು, ಹಿಮ್ಮಡಿ ಎತ್ತಿದಳು – ತಡಿ ತಡಿ ಹುಡುಗಿ, ಎಂದರು ಅಜ್ಜಿ, ಕಾಲು ಮೇಲಿಟ್ಕಂಡು ಕೂತ್ರೆ ಎಂತ ಗೊತ್ತಾಗ್ತದೆ, ಈ ಚೀಲ ತೆಗಿ, ನನ್ನ ಕಾಲು ನೆಲಕ್ಕೆ ಇಡು. ಮೊಣಕಾಲೂರಿ ಕೂತಳು, ಕಾಲುಚೀಲ ಎಳೆದಳು, ಬಿಸಿಯಾದ ಒಣ ಪಾದವನ್ನು ಅಂಗೈಯಲ್ಲಿ ಹಿಡಿದು ಮಂಚದಿಂದ ಇಳಿಸಿ ನೆಲಕ್ಕೆ ಇಟ್ಟಳು, ಹಿಮ್ಮಡಿ ಗಾರೆಗೆ ತಾಗಿದ ಸಣ್ಣ ಸದ್ದು, ಕೈ ಅಲ್ಲೇ ನಿಂತಿತು. ಎಂತ ಆತು, ಎಂದರು ಅಜ್ಜಿ. ನಾನು ಅವಳ ಕಾಲು ನೆಲಕ್ಕೆ ಇಡ್ಲಿಲ್ಲ, ಎಂದಳು. ಹ್ಞಾಂ, ಎಂದರು ಅಜ್ಜಿ, ಕಿವಿಯನ್ನು ಅವಳ ಕಡೆ ತಿರುಗಿಸಿ. ಅವಳು ಕಿವಿಗೆ ಬಾಯಿಟ್ಟು ಕೂಗಿದಳು, ನಾನು ಅವಳ ಕಾಲು ನೆಲಕ್ಕೆ ಇಡ್ಲಿಲ್ಲ ಅಜ್ಜೀ, ಪೂರ್ತಿ ಕೂಗಿ ಹೇಳಿ ಮುಗಿಸಿದಳು, ಬೀದಿಗೆಲ್ಲಾ ಕೇಳಿತು – ತಗಡಿನ ಮೇಲೆ ಒಂದರ ಪಕ್ಕ ಒಂದು, ತಾನೇ ಜೋಪಾನವಾಗಿ ಜೋಡಿಸಿಟ್ಟ ಎರಡು ಪಾದ, ಬೂದಿ ಬಣ್ಣದ ಕಾಲುಚೀಲ, ನೆಲದಿಂದ ಒಂದು ಗೇಣು ಮೇಲೆ.